ಸ್ವಯಂಸೇವಾ ವಿತರಿತ ಗಣನೆಯಲ್ಲಿ ಸರ್ವರ್ ಸ್ಥಗಿತ ಮತ್ತು ಕ್ರೆಡಿಟ್ ಪದ್ಧತಿ

ಸ್ವಯಂಸೇವಾ ವಿತರಿತ ಗಣನೆ ಎಂಬುದು ಸಾರ್ವಜನಿಕರು ತಮ್ಮ ಕಂಪ್ಯೂಟರುಗಳ ಬಿಡುವಿನ ಸಾಮರ್ಥ್ಯವನ್ನು ವೈಜ್ಞಾನಿಕ ಸಂಶೋಧನೆಗೆ ಉಚಿತವಾಗಿ ಒದಗಿಸುವ ವ್ಯವಸ್ಥೆಯಾಗಿದೆ. ದೊಡ್ಡದೊಂದು ಲೆಕ್ಕವನ್ನು ಅಸಂಖ್ಯ ಸಣ್ಣ ಭಾಗಗಳಾಗಿ ಒಡೆದು, ಅಂತರಜಾಲದ ಮೂಲಕ ಹಂಚಿ, ಫಲಿತಾಂಶಗಳನ್ನು ಮರಳಿ ಪಡೆದು ಜೋಡಿಸುವುದು ಇದರ ಮೂಲತತ್ತ್ವ. ಲೆಕ್ಕ ಮಾಡುವ ಯಂತ್ರಗಳು ಜಗತ್ತಿನಾದ್ಯಂತ ಹರಡಿಕೊಂಡಿದ್ದರೂ ಕೆಲಸವನ್ನು ಹಂಚುವ ಮತ್ತು ಸ್ವೀಕರಿಸುವ ಸರ್ವರುಗಳು ಸಾಮಾನ್ಯವಾಗಿ ಒಂದೇ ಸಂಸ್ಥೆಯ ಆಡಳಿತದಲ್ಲಿರುತ್ತವೆ. ಅವು ನಿಂತರೆ ಯೋಜನೆಯೇ ನಿಲ್ಲುತ್ತದೆ. ಭಾಗವಹಿಸುವವರಿಗೆ ಸಂಬಳವಿಲ್ಲ, ಮಾಡಿದ ಕೆಲಸದ ಗುರುತಾಗಿ ಕ್ರೆಡಿಟ್ ಎಂಬ ಅಂಕಗಳು ಅವರ ಖಾತೆಗೆ ಜಮೆಯಾಗುತ್ತವೆ. ಸರ್ವರುಗಳ ಸ್ಥಗಿತ ಮತ್ತು ಕ್ರೆಡಿಟ್ ಲೆಕ್ಕಾಚಾರ ಮೇಲ್ನೋಟಕ್ಕೆ ಬೇರೆ ಬೇರೆ ತಾಂತ್ರಿಕ ವಿಷಯಗಳಾಗಿ ಕಂಡರೂ, ಯೋಜನೆಯ ಮೇಲೆ ಸ್ವಯಂಸೇವಕರು ಇಟ್ಟಿರುವ ವಿಶ್ವಾಸವನ್ನು ಎರಡೂ ನೇರವಾಗಿ ತಟ್ಟುತ್ತವೆ.

ಹಿನ್ನೆಲೆ

ಈ ಕ್ಷೇತ್ರದ ಆರಂಭಿಕ ಯೋಜನೆಗಳಲ್ಲಿ ಒಂದಾದ ಜಿಂಪ್ಸ್ ಅನ್ನು 1996ರಲ್ಲಿ ಜಾರ್ಜ್ ವೋಲ್ಟ್‌ಮನ್ ಪ್ರಾರಂಭಿಸಿದರು. 2ರ ಘಾತವೊಂದರಿಂದ 1ನ್ನು ಕಳೆದಾಗ ದೊರೆಯುವ ಮರ್ಸೆನ್ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕುವುದು ಇದರ ಗುರಿ. 1999ರ ಮೇ 17ರಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರವು ಸೆಟಿ@ಹೋಮ್ ಯೋಜನೆಯನ್ನು ಸಾರ್ವಜನಿಕರಿಗೆ ತೆರೆಯಿತು. ಪೋರ್ಟೊರಿಕೊದ ಅರೆಸಿಬೊ ರೇಡಿಯೊ ದೂರದರ್ಶಕವು ಸಂಗ್ರಹಿಸಿದ ದತ್ತಾಂಶದಲ್ಲಿ ಅನ್ಯಲೋಕದ ಬುದ್ಧಿಜೀವಿಗಳ ಸಂಕೇತವಿದೆಯೇ ಎಂದು ಪರೀಕ್ಷಿಸುವ ಈ ಯೋಜನೆಗೆ ಒಟ್ಟಾರೆ 50 ಲಕ್ಷಕ್ಕೂ ಹೆಚ್ಚು ಜನರು ಸೇರಿದರು. 2000ದ ಅಕ್ಟೋಬರಿನಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವಿಜಯ್ ಪಾಂಡೆ ಅವರ ನೇತೃತ್ವದಲ್ಲಿ ಪ್ರೋಟೀನುಗಳ ಮಡಿಕೆಯನ್ನು ಅಧ್ಯಯನ ಮಾಡುವ ಫೋಲ್ಡಿಂಗ್@ಹೋಮ್ ಆರಂಭವಾಯಿತು.

ಪ್ರತಿಯೊಂದು ಯೋಜನೆಯೂ ತನ್ನದೇ ತಂತ್ರಾಂಶವನ್ನು ರಚಿಸಿಕೊಳ್ಳುವ ಶ್ರಮವನ್ನು ತಪ್ಪಿಸಲು ಡೇವಿಡ್ ಆಂಡರ್ಸನ್ ಅವರ ನೇತೃತ್ವದ ತಂಡವು ಬರ್ಕ್ಲಿಯಲ್ಲಿ ಬೋಯಿಂಕ್ ಎಂಬ ಮುಕ್ತ ತಂತ್ರಾಂಶವನ್ನು ಸಿದ್ಧಪಡಿಸಿತು. 2004ರಲ್ಲಿ ಸೆಟಿ@ಹೋಮ್ ಇದನ್ನು ಅಳವಡಿಸಿಕೊಂಡಿತು. ಐನ್‌ಸ್ಟೈನ್@ಹೋಮ್, ರೊಸೆಟ್ಟಾ@ಹೋಮ್, ಎಲ್‌ಎಚ್‌ಸಿ@ಹೋಮ್ ಮುಂತಾದ ಅನೇಕ ಯೋಜನೆಗಳು ಇದೇ ತಳಹದಿಯ ಮೇಲೆ ನಿಂತಿವೆ.

ಕಾರ್ಯವಿಧಾನ

ಬೋಯಿಂಕ್ ಸರ್ವರ್ ಎಂಬುದು ಒಂದೇ ಯಂತ್ರವಲ್ಲ, ಹಲವು ಕಾರ್ಯಕ್ರಮಗಳ ಸಮೂಹ. ಸ್ವಯಂಸೇವಕರ ಕಂಪ್ಯೂಟರುಗಳಿಗೆ ಕೆಲಸ ನೀಡುವುದು ಒಂದರ ಹೊಣೆ. ಮರಳಿ ಬಂದ ಫಲಿತಾಂಶಗಳನ್ನು ಪರಸ್ಪರ ಹೋಲಿಸಿ ಸರಿಯೇ ತಪ್ಪೇ ಎಂದು ನಿರ್ಣಯಿಸುವುದು ಮತ್ತೊಂದರದು. ಒಪ್ಪಿಗೆಯಾದುದನ್ನು ಸಂಶೋಧಕರ ಸಂಗ್ರಹಕ್ಕೆ ಸೇರಿಸುವುದು ಮತ್ತು ಹಳೆಯ ಕಡತಗಳನ್ನು ಅಳಿಸುವುದು ಬೇರೆ ಕಾರ್ಯಕ್ರಮಗಳ ಕೆಲಸ. ಇವೆಲ್ಲವೂ ಒಂದು ಕೇಂದ್ರ ದತ್ತಸಂಚಯವನ್ನು ಅವಲಂಬಿಸಿವೆ. ಯಾವ ಭಾಗವನ್ನು ಯಾರಿಗೆ ಕೊಡಲಾಗಿದೆ, ಯಾವ ದಿನಾಂಕದೊಳಗೆ ಅದು ಬರಬೇಕು, ಯಾರಿಗೆ ಎಷ್ಟು ಕ್ರೆಡಿಟ್ ಸಲ್ಲಬೇಕು ಎಂಬ ವಿವರಗಳೆಲ್ಲ ಅಲ್ಲಿಯೇ ದಾಖಲಾಗುತ್ತವೆ.

ಅಪರಿಚಿತರ ಯಂತ್ರಗಳಿಂದ ಬರುವ ಉತ್ತರವನ್ನು ಪರೀಕ್ಷಿಸದೆ ನಂಬುವಂತಿಲ್ಲ. ಆದುದರಿಂದ ಹಲವು ಯೋಜನೆಗಳು ಒಂದೇ ಭಾಗವನ್ನು ಇಬ್ಬರು ಅಥವಾ ಹೆಚ್ಚು ಜನರಿಗೆ ಕಳುಹಿಸಿ, ಉತ್ತರಗಳು ಹೊಂದಿಕೆಯಾದ ಬಳಿಕವೇ ಕ್ರೆಡಿಟ್ ನೀಡುತ್ತವೆ. ಜೊತೆಗಾರನ ಉತ್ತರ ತಡವಾದಷ್ಟೂ ಮೊದಲು ಮುಗಿಸಿದವನ ಕ್ರೆಡಿಟ್ ಬಾಕಿ ಉಳಿಯುತ್ತದೆ.

ಸರ್ವರ್ ಸ್ಥಗಿತದ ವಿಧಗಳು

ಸ್ಥಗಿತಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಪೂರ್ವನಿಗದಿತ ಸ್ಥಗಿತ. ಸೆಟಿ@ಹೋಮ್ ಯೋಜನೆಯು ದತ್ತಸಂಚಯದ ಪ್ರತಿ ತೆಗೆಯಲು ಮತ್ತು ಅದನ್ನು ಒಪ್ಪಗೊಳಿಸಲು ವಾಡಿಕೆಯಾಗಿ ಪ್ರತಿ ಮಂಗಳವಾರ ಸೇವೆಯನ್ನು ನಿಲ್ಲಿಸುತ್ತಿತ್ತು. ಇದನ್ನು ಅರಿತಿದ್ದ ಸ್ವಯಂಸೇವಕರು ಮುಂಚಿತವಾಗಿಯೇ ಸಾಕಷ್ಟು ಕೆಲಸವನ್ನು ತಮ್ಮ ಯಂತ್ರಗಳಲ್ಲಿ ಸಂಗ್ರಹಿಸಿಟ್ಟುಕೊಳ್ಳುತ್ತಿದ್ದರು.

ಎರಡನೆಯದು ಅನಿರೀಕ್ಷಿತ ಸ್ಥಗಿತ. ಡಿಸ್ಕ್ ತುಂಬಿಹೋಗುವುದು, ದತ್ತಸಂಚಯ ಕೆಡುವುದು, ವಿದ್ಯುತ್ ಅಥವಾ ಜಾಲಸಂಪರ್ಕ ಕಡಿದುಹೋಗುವುದು ಇದಕ್ಕೆ ಸಾಮಾನ್ಯ ಕಾರಣಗಳು. ಲೆಕ್ಕ ಮುಗಿದರೂ ಫಲಿತಾಂಶವನ್ನು ಕಳುಹಿಸಲಾಗದೆ ಅದು ಸ್ವಯಂಸೇವಕನ ಯಂತ್ರದಲ್ಲಿಯೇ ಉಳಿಯುತ್ತದೆ. ಸ್ಥಗಿತವು ದೀರ್ಘವಾದರೆ ಕಳುಹಿಸಬೇಕಾದ ಗಡುವು ಮೀರುವ ಅಪಾಯವಿದೆ. ಸೇವೆ ಮರಳಿದ ಕ್ಷಣದಲ್ಲಿ ಎಲ್ಲ ಯಂತ್ರಗಳೂ ಒಟ್ಟಿಗೆ ಸಂಪರ್ಕಿಸಿದರೆ ಸರ್ವರ್ ಮತ್ತೆ ಕುಸಿಯಬಹುದು. ಇದನ್ನು ತಡೆಯಲು ಬೋಯಿಂಕ್ ಪ್ರತಿ ವಿಫಲ ಯತ್ನದ ನಂತರ ಕಾಯುವ ಅವಧಿಯನ್ನು ಹೆಚ್ಚಿಸುತ್ತಾ ಹೋಗುತ್ತದೆ ಮತ್ತು ಆ ಅವಧಿಯನ್ನು ಯಂತ್ರದಿಂದ ಯಂತ್ರಕ್ಕೆ ಯಾದೃಚ್ಛಿಕವಾಗಿ ಬದಲಿಸುತ್ತದೆ.

ಮೂರನೆಯದು ಕೆಲಸದ ಕೊರತೆ. ಇಲ್ಲಿ ಸರ್ವರ್ ಕೆಟ್ಟಿರುವುದಿಲ್ಲ. ಹಂಚಲು ಸಿದ್ಧವಾದ ಭಾಗಗಳು ಇರುವುದಿಲ್ಲ ಅಥವಾ ಬೇಡಿಕೆಗೆ ಸಾಲುವುದಿಲ್ಲ. 2020ರ ಮಾರ್ಚ್‌ನಲ್ಲಿ ಕೋವಿಡ್ ಸಂಶೋಧನೆಗೆ ಕರೆ ನೀಡಿದಾಗ ಫೋಲ್ಡಿಂಗ್@ಹೋಮ್ ಎದುರಿಸಿದ್ದು ಇದನ್ನೇ. ಅಲ್ಲಿಯವರೆಗೆ ಸುಮಾರು 30,000 ಇದ್ದ ಸಕ್ರಿಯ ಸಾಧನಗಳ ಸಂಖ್ಯೆ ಕೆಲವೇ ತಿಂಗಳುಗಳಲ್ಲಿ 10 ಲಕ್ಷವನ್ನು ದಾಟಿತು. ಒಟ್ಟು ಸಾಮರ್ಥ್ಯವು ಒಂದು ಎಕ್ಸಾಫ್ಲಾಪ್, ಅಂದರೆ ಸೆಕೆಂಡಿಗೆ ಒಂದರ ಮುಂದೆ 18 ಸೊನ್ನೆಗಳಷ್ಟು ಗಣನೆಗಳ ಮಟ್ಟವನ್ನು ಮೀರಿತು. ಆದರೆ ಅಷ್ಟು ಜನರಿಗೆ ಕೆಲಸ ಒದಗಿಸುವ ಸಿದ್ಧತೆ ಸರ್ವರುಗಳಲ್ಲಿ ಇರಲಿಲ್ಲ. ನೆರವಿಗೆಂದು ಬಂದ ಅನೇಕರ ಯಂತ್ರಗಳು ಕೆಲಸಕ್ಕಾಗಿ ಕಾಯುತ್ತಾ ಖಾಲಿ ಉಳಿದವು. ಈ ಬಗೆಯ ಯೋಜನೆಗಳಲ್ಲಿ ಕೊರತೆಯಿರುವುದು ಗಣನಾ ಸಾಮರ್ಥ್ಯಕ್ಕಿಂತ ಹೆಚ್ಚಾಗಿ ಅದನ್ನು ನಿರ್ವಹಿಸುವ ಕೇಂದ್ರದಲ್ಲಿ ಎಂಬುದು ಈ ಪ್ರಸಂಗದಿಂದ ಸ್ಪಷ್ಟವಾಯಿತು.

ಆಡಳಿತದ ಬದಲಾವಣೆಯೂ ದೀರ್ಘ ಸ್ಥಗಿತಕ್ಕೆ ಕಾರಣವಾಗಬಹುದು. 2004ರಲ್ಲಿ ಐಬಿಎಂ ಆರಂಭಿಸಿದ ವರ್ಲ್ಡ್ ಕಮ್ಯೂನಿಟಿ ಗ್ರಿಡ್ ಅನ್ನು ಕೆನಡಾದ ಟೊರಾಂಟೊ ನಗರದ ಕ್ರೆಂಬಿಲ್ ಸಂಶೋಧನಾ ಸಂಸ್ಥೆಗೆ ವಹಿಸಿಕೊಡುವ ನಿರ್ಧಾರ 2021ರಲ್ಲಿ ಪ್ರಕಟವಾಯಿತು. 2022ರಲ್ಲಿ ನಡೆದ ಸ್ಥಳಾಂತರದ ವೇಳೆ ತಿಂಗಳುಗಳ ಕಾಲ ಕೆಲಸ ಹಂಚಿಕೆ ನಿಂತಿತ್ತು.

ಕ್ರೆಡಿಟ್ ಪದ್ಧತಿಗಳು

ಆರಂಭದಲ್ಲಿ ಸೆಟಿ@ಹೋಮ್ ಮುಗಿಸಿದ ಭಾಗಗಳ ಸಂಖ್ಯೆಯನ್ನಷ್ಟೇ ಎಣಿಸುತ್ತಿತ್ತು. ಎಲ್ಲ ಭಾಗಗಳಿಗೂ ಒಂದೇ ಪ್ರಮಾಣದ ಶ್ರಮ ಬೇಕಾಗುವುದಿಲ್ಲವಾದ್ದರಿಂದ ಇದು ನ್ಯಾಯೋಚಿತ ಅಳತೆಯಾಗಿರಲಿಲ್ಲ. ಎಣಿಕೆ ಹೆಚ್ಚಿಸಿಕೊಳ್ಳಲು ಕೆಲವರು ವಂಚನೆಯ ಮಾರ್ಗ ಹಿಡಿದುದೂ ಉಂಟು.

ಬೋಯಿಂಕ್ ಇದರ ಬದಲಿಗೆ ಗಣನೆಯ ಪ್ರಮಾಣವನ್ನೇ ಮಾನದಂಡವಾಗಿಸಿತು. ಇದರ ಮೂಲಮಾನಕ್ಕೆ ಸೆಟಿ@ಹೋಮ್ ತಂಡದ ಜೆಫ್ ಕಾಬ್ ಅವರ ಹೆಸರಿನಿಂದ ಕಾಬಲ್‌ಸ್ಟೋನ್ ಎಂಬ ಹೆಸರು ಬಂದಿದೆ. ಸೆಕೆಂಡಿಗೆ 100 ಕೋಟಿ ದಶಮಾಂಶ ಗಣನೆಗಳನ್ನು ಮಾಡಬಲ್ಲ ಯಂತ್ರವೊಂದು ಇಡೀ ದಿನ ದುಡಿದರೆ 200 ಕ್ರೆಡಿಟ್ ದೊರೆಯಬೇಕು ಎಂಬುದು ವ್ಯಾಖ್ಯಾನ. ಉದಾಹರಣೆಗೆ, ಇದರ ಹತ್ತರಷ್ಟು ವೇಗದ ಯಂತ್ರವು 12 ಗಂಟೆ ದುಡಿದರೆ 1,000 ಕ್ರೆಡಿಟ್ ಸಲ್ಲುತ್ತದೆ.

ವ್ಯಾಖ್ಯಾನ ಸರಳವಾದರೂ ಆಚರಣೆ ಜಟಿಲವಾಗಿದೆ. ಮೊದಮೊದಲು ಸ್ವಯಂಸೇವಕನ ಯಂತ್ರವೇ ತನ್ನ ವೇಗ ಪರೀಕ್ಷೆಯ ಆಧಾರದಲ್ಲಿ ಕ್ರೆಡಿಟ್ ಕೋರುತ್ತಿತ್ತು. ಒಂದೇ ಕೆಲಸಕ್ಕೆ ಬೇರೆ ಬೇರೆ ಯಂತ್ರಗಳು ಬೇರೆ ಬೇರೆ ಮೊತ್ತವನ್ನು ಕೋರುತ್ತಿದ್ದವು. ಗ್ರಾಫಿಕ್ಸ್ ಪ್ರೊಸೆಸರುಗಳ ಬಳಕೆ ಬಂದ ಮೇಲೆ ಅಂತರ ಇನ್ನಷ್ಟು ಹಿಗ್ಗಿತು. ಇದನ್ನು ಸರಿಪಡಿಸಲು 2010ರ ಸುಮಾರಿಗೆ ಸರಾಸರಿಗಳನ್ನು ಆಧರಿಸಿದ ಹೊಸ ಸೂತ್ರವನ್ನು ಬೋಯಿಂಕ್ ರೂಪಿಸಿತು. ಅದರಲ್ಲಿಯೂ ಸಮಾನ ಕೆಲಸಕ್ಕೆ ಅಸಮಾನ ಕ್ರೆಡಿಟ್ ಬರುತ್ತದೆಂಬ ಆಕ್ಷೇಪ ಕೇಳಿಬಂದಿತು. ಐನ್‌ಸ್ಟೈನ್@ಹೋಮ್ ಮುಂತಾದವು ಪ್ರತಿ ಬಗೆಯ ಕೆಲಸಕ್ಕೂ ನಿಶ್ಚಿತ ಕ್ರೆಡಿಟ್ ನೀಡುವ ಮಾರ್ಗವನ್ನು ಅನುಸರಿಸುತ್ತವೆ. ವರ್ಲ್ಡ್ ಕಮ್ಯೂನಿಟಿ ಗ್ರಿಡ್ ತನ್ನದೇ ಅಂಕಗಳನ್ನು ಇಟ್ಟುಕೊಂಡಿದ್ದು, ಅದರ 7 ಅಂಕಗಳು ಬೋಯಿಂಕ್‌ನ 1 ಕ್ರೆಡಿಟ್‌ಗೆ ಸಮ. ಹೀಗಾಗಿ ಒಂದು ಯೋಜನೆಯ ಕ್ರೆಡಿಟ್ಟನ್ನು ಇನ್ನೊಂದರ ಕ್ರೆಡಿಟ್ಟಿನೊಡನೆ ಹೋಲಿಸುವುದು ಕಷ್ಟ. ಉದಾರವಾಗಿ ಅಂಕ ನೀಡುವ ಯೋಜನೆಯು ವಿಜ್ಞಾನದ ದೃಷ್ಟಿಯಿಂದ ಹೆಚ್ಚು ಮಹತ್ತ್ವದ್ದೆಂದು ಹೇಳಲು ಬರುವುದಿಲ್ಲ.

ಸ್ಥಗಿತ ಮತ್ತು ಕ್ರೆಡಿಟ್‌ಗಳ ಪರಸ್ಪರ ಸಂಬಂಧ

ಒಟ್ಟು ಕ್ರೆಡಿಟ್ ಒಮ್ಮೆ ಸೇರಿದರೆ ಸಾಮಾನ್ಯವಾಗಿ ಕಡಿಮೆಯಾಗುವುದಿಲ್ಲ. ಆದರೆ ಬೋಯಿಂಕ್ ಇತ್ತೀಚಿನ ಸರಾಸರಿ ಕ್ರೆಡಿಟ್ ಎಂಬ ಇನ್ನೊಂದು ಸಂಖ್ಯೆಯನ್ನೂ ಪ್ರಕಟಿಸುತ್ತದೆ. ಹೊಸ ಕ್ರೆಡಿಟ್ ಬಾರದಿದ್ದರೆ ಇದು ಪ್ರತಿ ವಾರ ಅರ್ಧಕ್ಕೆ ಇಳಿಯುತ್ತದೆ. 10,000 ಇದ್ದ ಸರಾಸರಿಯು ಒಂದು ವಾರದ ಸ್ಥಗಿತದಲ್ಲಿ 5,000ಕ್ಕೂ ಎರಡು ವಾರಗಳಲ್ಲಿ 2,500ಕ್ಕೂ ಕುಸಿಯುತ್ತದೆ. ಸ್ವಯಂಸೇವಕನ ಯಂತ್ರ ಸುಸ್ಥಿತಿಯಲ್ಲಿದ್ದು ಕೆಲಸವನ್ನೂ ಮುಗಿಸಿದ್ದರೂ, ಕೇಂದ್ರದ ದೋಷವು ಅವನ ಹೆಸರಿನ ಮುಂದೆ ಇಳಿಕೆಯಾಗಿ ದಾಖಲಾಗುತ್ತದೆ.

ಫೋಲ್ಡಿಂಗ್@ಹೋಮ್‌ನಲ್ಲಿ ಈ ಪರಿಣಾಮ ಇನ್ನೂ ನೇರವಾದುದು. ಅಲ್ಲಿ ಅಣುಗಳ ಚಲನೆಯ ಒಂದು ಹಂತ ಮುಗಿದ ಮೇಲೆಯೇ ಅದರ ಮುಂದಿನ ಹಂತವನ್ನು ಕೊಡಲು ಸಾಧ್ಯ. ಆದ್ದರಿಂದ ಬೇಗ ಮರಳಿಸಿದವರಿಗೆ ಹೆಚ್ಚುವರಿ ಅಂಕಗಳಿವೆ. ಈ ಹೆಚ್ಚಳವು ವರ್ಗಮೂಲದ ಸೂತ್ರವನ್ನು ಅನುಸರಿಸುತ್ತದೆ: ತಗಲುವ ಕಾಲವು ನಾಲ್ಕನೇ ಒಂದಕ್ಕೆ ಇಳಿದರೆ ಅಂಕ ಎರಡರಷ್ಟಾಗುತ್ತದೆ. ಕಾಲವನ್ನು ಕೆಲಸ ಹಂಚಿದ ಕ್ಷಣದಿಂದ ಫಲಿತಾಂಶ ಸರ್ವರನ್ನು ತಲುಪುವವರೆಗೆ ಎಣಿಸುವುದರಿಂದ, ಸ್ವೀಕರಿಸುವ ಸರ್ವರ್ ನಿಂತಿದ್ದರೆ ಸ್ವಯಂಸೇವಕನ ಅಂಕ ಕರಗುತ್ತದೆ.

ಇದಕ್ಕೆ ವ್ಯತಿರಿಕ್ತವಾಗಿ ಜಿಂಪ್ಸ್‌ನಲ್ಲಿ ಒಂದು ಸಂಖ್ಯೆಯ ಪರೀಕ್ಷೆಗೆ ಸಾಮಾನ್ಯ ಕಂಪ್ಯೂಟರಿನಲ್ಲಿ ಹಲವು ದಿನಗಳು ಬೇಕಾಗುತ್ತವೆ. ನಡುವೆ ಸರ್ವರ್ ಕೆಲಕಾಲ ನಿಂತರೂ ಪರೀಕ್ಷೆಗೆ ಅಡ್ಡಿಯಿಲ್ಲ. ಸ್ಥಗಿತದ ಪರಿಣಾಮವು ಯೋಜನೆಯ ರಚನೆಯನ್ನೇ ಅವಲಂಬಿಸಿದೆ ಎಂಬುದಕ್ಕೆ ಇದು ನಿದರ್ಶನ. 2024ರ ಅಕ್ಟೋಬರಿನಲ್ಲಿ ಈ ಯೋಜನೆಯ ಮೂಲಕ 4,10,24,320 ಅಂಕಿಗಳುಳ್ಳ ಅವಿಭಾಜ್ಯ ಸಂಖ್ಯೆಯು ಪತ್ತೆಯಾಯಿತು.

ವಿಮರ್ಶೆ

ಕ್ರೆಡಿಟ್‌ಗೆ ಹಣದ ಬೆಲೆಯಿಲ್ಲವೆಂಬ ಕಾರಣಕ್ಕೆ ಅದನ್ನು ಕೇವಲ ಆಟದ ಅಂಕವೆಂದು ತಳ್ಳಿಹಾಕುವ ವಾದವಿದೆ. ಆದರೆ ವಿದ್ಯುತ್ತಿನ ವೆಚ್ಚ ಮತ್ತು ಯಂತ್ರದ ಸವಕಳಿಯನ್ನು ಸ್ವಯಂಸೇವಕನೇ ಭರಿಸುತ್ತಾನೆ. ಆತನ ಪಾಲಿಗೆ ದೊರೆಯುವ ಏಕೈಕ ರಸೀದಿ ಕ್ರೆಡಿಟ್. ತಂಡಗಳ ನಡುವಿನ ಸ್ಪರ್ಧೆಯು ಅನೇಕರನ್ನು ವರ್ಷಗಳ ಕಾಲ ಹಿಡಿದಿಟ್ಟಿದೆ. ಇನ್ನೊಂದೆಡೆ, ಅಂಕವೇ ಗುರಿಯಾದರೆ ಹೆಚ್ಚು ಅಂಕ ಕೊಡುವ ಯೋಜನೆಯತ್ತ ಯಂತ್ರಗಳು ವಾಲುತ್ತವೆ. 2013ರಲ್ಲಿ ಬಂದ ಗ್ರಿಡ್‌ಕಾಯಿನ್ ಎಂಬ ಡಿಜಿಟಲ್ ನಾಣ್ಯವು ಬೋಯಿಂಕ್ ಕೆಲಸಕ್ಕೆ ಪ್ರತಿಫಲ ನೀಡುವುದರಿಂದ, ಅಂತಹವರಿಗೆ ಕ್ರೆಡಿಟ್ ದಾಖಲೆಯ ನಿಖರತೆ ಆರ್ಥಿಕ ವಿಷಯವೂ ಆಗಿದೆ.

ಯೋಜನೆಗಳ ಕಡೆಯಿಂದ ನೋಡಿದರೆ ಸಮಸ್ಯೆಯ ಮೂಲ ಸಂಪನ್ಮೂಲದ ಅಭಾವ. ದಾನವಾಗಿ ಬರುವ ಗಣನಾ ಸಾಮರ್ಥ್ಯ ಅಪಾರವಾಗಿದ್ದರೂ ಸರ್ವರ್ ಕೊಳ್ಳಲು ಮತ್ತು ನಿರ್ವಾಹಕರಿಗೆ ಸಂಬಳ ನೀಡಲು ಹಣ ಬೇಕು. ಸಣ್ಣ ಸಿಬ್ಬಂದಿಯೇ ಸಂಶೋಧನೆ, ದುರಸ್ತಿ ಮತ್ತು ಸ್ವಯಂಸೇವಕರೊಡನೆ ಸಂವಹನ ಎಲ್ಲವನ್ನೂ ನಡೆಸಬೇಕಾಗುತ್ತದೆ. ಸ್ಥಗಿತದ ಕಾರಣ ಮತ್ತು ಅವಧಿಯನ್ನು ಮುಂಚಿತವಾಗಿ ತಿಳಿಸುವುದು, ಕೇಂದ್ರದ ದೋಷದಿಂದ ತಡವಾದ ಕೆಲಸಗಳ ಗಡುವನ್ನು ವಿಸ್ತರಿಸುವುದು, ಬಾಕಿ ಕ್ರೆಡಿಟ್ಟನ್ನು ನಂತರ ಸಲ್ಲಿಸುವುದು ಹೆಚ್ಚಿನ ವೆಚ್ಚವಿಲ್ಲದೆ ವಿಶ್ವಾಸ ಉಳಿಸಿಕೊಳ್ಳುವ ಉಪಾಯಗಳಾಗಿವೆ. ಸ್ವಯಂಸೇವಕರು ಒಂದಕ್ಕಿಂತ ಹೆಚ್ಚು ಯೋಜನೆಗಳಿಗೆ ಸೇರಿಕೊಂಡರೆ ಒಂದು ನಿಂತಾಗ ಇನ್ನೊಂದರ ಕೆಲಸ ಸಾಗುತ್ತದೆ; ಬೋಯಿಂಕ್‌ನಲ್ಲಿ ಇದಕ್ಕೆ ಅವಕಾಶವಿದೆ.

ಪ್ರಸ್ತುತ ಸ್ಥಿತಿ

ಸೆಟಿ@ಹೋಮ್ 2020ರ ಮಾರ್ಚ್ 31ರಂದು ಕೆಲಸ ಹಂಚುವುದನ್ನು ನಿಲ್ಲಿಸಿತು. ಸದ್ಯಕ್ಕೆ ಬೇಕಾದ ದತ್ತಾಂಶದ ಪರಿಶೀಲನೆ ಮುಗಿದಿದೆ, ಹಂಚಿಕೆಯನ್ನು ನಿರ್ವಹಿಸುವುದು ತಮಗೆ ದೊಡ್ಡ ಹೊರೆಯಾಗಿದೆ ಎಂದು ತಂಡವು ಕಾರಣ ನೀಡಿತು. ಅದೇ ವರ್ಷದ ಡಿಸೆಂಬರ್ 1ರಂದು ಅರೆಸಿಬೊ ದೂರದರ್ಶಕ ಕುಸಿದುಬಿದ್ದಿತು. ಸ್ವಯಂಸೇವಕರು ಕಳುಹಿಸಿದ ಫಲಿತಾಂಶಗಳ ಅಂತಿಮ ವಿಶ್ಲೇಷಣೆ ಅದರ ನಂತರವೂ ವರ್ಷಗಳ ಕಾಲ ಮುಂದುವರಿಯಿತು. ಅನ್ಯಲೋಕದ ಸಂಕೇತವೊಂದೂ ಇದುವರೆಗೆ ದೃಢಪಟ್ಟಿಲ್ಲ. ಹೊಸ ಕ್ರೆಡಿಟ್ ಗಳಿಸುವ ಅವಕಾಶ ಮುಗಿದ ಬಳಿಕವೂ ಹಿಂದೆ ಮಾಡಿದ ಗಣನೆಯು ವಿಜ್ಞಾನಿಗಳ ಉಪಯೋಗಕ್ಕೆ ಬಂದಿತೆಂಬುದು ಗಮನಾರ್ಹ. ಐನ್‌ಸ್ಟೈನ್@ಹೋಮ್, ಫೋಲ್ಡಿಂಗ್@ಹೋಮ್ ಮತ್ತು ಜಿಂಪ್ಸ್ ತಮ್ಮ ಕಾರ್ಯವನ್ನು ಮುಂದುವರಿಸಿವೆ.