ಪಾಸ್‌ವರ್ಡ್ ಸರಿಯಿದೆ, ಬಾಗಿಲು ತೆರೆಯುತ್ತಿಲ್ಲ!

ಪಾಸ್‌ವರ್ಡ್ ಸರಿಯಾಗಿಯೇ ಕೊಟ್ಟಿದ್ದೀರಿ. ಆದರೂ ವಿಂಡೋಸ್ ಒಳಗೆ ಬಿಡುವುದಿಲ್ಲ. 'ಯೂಸರ್ ಪ್ರೊಫೈಲ್ ಕ್ಯಾನಾಟ್ ಬಿ ಲೋಡೆಡ್' ಎಂಬ ಸಂದೇಶ ತೋರಿಸಿ ಹಿಂದಕ್ಕೆ ಕಳಿಸುತ್ತದೆ. ನಾಳೆ ಒಪ್ಪಿಸಬೇಕಾದ ಪ್ರಾಜೆಕ್ಟ್ ವರದಿ ಅದರೊಳಗೇ ಇದ್ದರೆ ಮನೆಮಂದಿಗೆಲ್ಲ ಗಾಬರಿ. ರಿಪೇರಿಗೆ ಒಯ್ದರೆ, 'ಫಾರ್ಮ್ಯಾಟ್ ಮಾಡಬೇಕು ಸಾರ್' ಎಂಬ ಮಾತು ಬರಬಹುದು. ಒಪ್ಪಿಕೊಳ್ಳಲು ಅವಸರ ಬೇಡ. ಫಾರ್ಮ್ಯಾಟ್ ಮಾಡಿದರೆ ಕಂಪ್ಯೂಟರ್ ಸರಿಹೋದೀತು, ವರದಿ ಮಾತ್ರ ಹೋದಂತೆಯೇ. ಈ ದೋಷ ಕಾಣಿಸಿಕೊಂಡಾಗ ನಿಮ್ಮ ಕಡತಗಳು ಸಾಮಾನ್ಯವಾಗಿ ಡಿಸ್ಕಿನಲ್ಲಿ ಹಾಗೆಯೇ ಇರುತ್ತವೆ.

ಏನಿದು ಪ್ರೊಫೈಲ್?

ಹಾಸ್ಟೆಲ್ ಒಂದನ್ನು ನೆನಪಿಸಿಕೊಳ್ಳಿ. ಗೇಟಿನಲ್ಲಿ ನಿಮ್ಮ ಗುರುತು ಹಿಡಿಯುವುದು ಒಂದು ಕೆಲಸ, ನಿಮ್ಮ ಕೋಣೆಯ ಬೀಗ ತೆಗೆಯುವುದು ಇನ್ನೊಂದು. ಪಾಸ್‌ವರ್ಡ್ ಗೇಟಿನ ಕೆಲಸ ಮಾಡುತ್ತದೆ. ಪ್ರೊಫೈಲ್ ಎಂದರೆ ನಿಮ್ಮ ಕೋಣೆ. ಇದು ಸಿ ಡ್ರೈವ್‌ನ ಯೂಸರ್ಸ್ ಫೋಲ್ಡರಿನಲ್ಲಿ, ಸಾಮಾನ್ಯವಾಗಿ ನಿಮ್ಮ ಹೆಸರಿನಲ್ಲೇ ಇರುತ್ತದೆ. ಅದರಲ್ಲಿ ಅಡಗಿರುವ 'ಎನ್‌ಟಿಯೂಸರ್ ಡಾಟ್ ಡ್ಯಾಟ್' ಎಂಬ ಕಡತದಲ್ಲಿ ನಿಮ್ಮ ಹಲವು ಆಯ್ಕೆ, ಹೊಂದಾಣಿಕೆಗಳು ದಾಖಲಾಗಿರುತ್ತವೆ. ಲಾಗಿನ್ ಆಗುವಾಗ ವಿಂಡೋಸ್ ಮೊದಲು ಇದನ್ನು ಓದಬೇಕು. ಬರೆಯುತ್ತಿರುವಾಗಲೇ ಕರೆಂಟು ಹೋದರೆ, ಸ್ವಿಚ್ ಒತ್ತಿ ಬಲವಂತವಾಗಿ ಆರಿಸಿದರೆ, ಡಿಸ್ಕ್ ಹಳತಾಗಿದ್ದರೆ ಈ ಕಡತ ಕೆಡಬಹುದು. ಬೀಗ ಕೆಟ್ಟಿದೆ, ಕೋಣೆಯ ಸಾಮಾನು ಅಲ್ಲೇ ಇದೆ ಎಂದು ತಿಳಿಯಿರಿ.

ತಾತ್ಕಾಲಿಕ ಕೋಣೆಯ ಅಪಾಯ

ಕೆಲವೊಮ್ಮೆ ವಿಂಡೋಸ್ ಒಳಗೆ ಬಿಡುತ್ತದೆ. ಆದರೆ ಡೆಸ್ಕ್‌ಟಾಪ್ ಖಾಲಿ, ಹಳೆಯ ಕಡತ ಒಂದೂ ಕಾಣದು. ಆಗ ನೀವಿರುವುದು 'ಟೆಂಪರರಿ ಪ್ರೊಫೈಲ್' ಎಂಬ ಅತಿಥಿ ಕೋಣೆಯಲ್ಲಿ. ಇಲ್ಲಿ ಉಳಿಸಿದ ಕಡತಗಳು ಸೈನ್ ಔಟ್ ಆದೊಡನೆ ಅಳಿಸಿಹೋಗುತ್ತವೆ. ರಾತ್ರಿಯಿಡೀ ಕೂತು ವರದಿಯನ್ನು ಮತ್ತೆ ಟೈಪು ಮಾಡುವ ವಿದ್ಯಾರ್ಥಿಗಳು ಇದನ್ನು ಮರೆಯಬಾರದು. ಬರೆಯಲೇಬೇಕಾದರೆ ಪೆನ್‌ಡ್ರೈವ್‌ನಲ್ಲಿ ಉಳಿಸಿ.

ಮಾಡಬೇಕಾದದ್ದೇನು?

1. ಮೊದಲು ಒಂದೆರಡು ಬಾರಿ ರೀಸ್ಟಾರ್ಟ್ ಮಾಡಿ. ಬೇರೊಂದು ತಂತ್ರಾಂಶ ಆ ಕಡತವನ್ನು ಹಿಡಿದುಕೊಂಡಿದ್ದರೆ ಇಷ್ಟರಲ್ಲೇ ಸರಿಹೋದೀತು.

2. ಮನೆಯಲ್ಲಿ ಇನ್ನೊಬ್ಬರ ಅಡ್ಮಿನಿಸ್ಟ್ರೇಟರ್ ಖಾತೆ ಇದ್ದರೆ ಅದರಿಂದ ಲಾಗಿನ್ ಆಗಿ. ಇಲ್ಲದಿದ್ದರೆ ಸೇಫ್ ಮೋಡ್ ಪ್ರಯತ್ನಿಸಿ: ಲಾಗಿನ್ ಪರದೆಯಲ್ಲಿ ಶಿಫ್ಟ್ ಕೀಲಿ ಒತ್ತಿಹಿಡಿದು ರೀಸ್ಟಾರ್ಟ್ ಆರಿಸಿ. ನಂತರ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟಿಂಗ್ಸ್, ರೀಸ್ಟಾರ್ಟ್. ಕೊನೆಗೆ 4 ಒತ್ತಿ. ಕೆಲವು ಲ್ಯಾಪ್‌ಟಾಪ್‌ಗಳು ಆಗ ಬಿಟ್‌ಲಾಕರ್ ರಿಕವರಿ ಕೀ ಕೇಳುತ್ತವೆ.

3. ಒಳಗೆ ಹೋದ ಕೂಡಲೇ ಯೂಸರ್ಸ್ ಫೋಲ್ಡರಿನಲ್ಲಿರುವ ನಿಮ್ಮ ಕಡತಗಳನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿ. ರಿಪೇರಿ ಆಮೇಲೆ.

4. ಸೆಟಿಂಗ್ಸ್‌ನ ಅಕೌಂಟ್ಸ್ ವಿಭಾಗದಲ್ಲಿ ಹೊಸ ಖಾತೆ ತೆರೆಯಿರಿ. ಅದರೊಳಗೆ ಒಮ್ಮೆ ಲಾಗಿನ್ ಆಗಿ, ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್, ಪಿಕ್ಚರ್ಸ್ ಫೋಲ್ಡರುಗಳಲ್ಲಿದ್ದುದನ್ನು ಅಲ್ಲಿಗೆ ತನ್ನಿ. ಎನ್‌ಟಿಯೂಸರ್ ಹೆಸರಿನ ಕಡತಗಳನ್ನು ಮಾತ್ರ ತರಬೇಡಿ. ಕೆಟ್ಟ ಬೀಗವನ್ನೇ ಹೊಸ ಬಾಗಿಲಿಗೆ ಹಾಕಿದಂತಾಗುತ್ತದೆ. ಎಲ್ಲವೂ ಬಂದಿದೆಯೆಂದು ತೆರೆದು ನೋಡುವವರೆಗೆ ಹಳೆಯ ಖಾತೆಯನ್ನು ಅಳಿಸಬಾರದು.

ರಿಜಿಸ್ಟ್ರಿಯಲ್ಲಿ ಪ್ರೊಫೈಲ್‌ಲಿಸ್ಟ್ ಎಂಬ ವಿಭಾಗವಿದೆ. ಅಲ್ಲಿ ನಿಮ್ಮ ಖಾತೆಯ ಉದ್ದನೆಯ ಸಂಖ್ಯೆ ಎರಡು ಬಾರಿ ಕಂಡು, ಒಂದರ ಬಾಲದಲ್ಲಿ 'ಡಾಟ್ ಬಿಎಕೆ' ಇದ್ದರೆ, ಹೆಸರುಗಳನ್ನು ಅದಲುಬದಲು ಮಾಡಿ ಹಳೆಯ ಪ್ರೊಫೈಲನ್ನೇ ಮರಳಿ ಪಡೆಯುವುದುಂಟು. ಆದರೆ ರಿಜಿಸ್ಟ್ರಿಯಲ್ಲಿ ಕೈತಪ್ಪಿದರೆ ಇಡೀ ವಿಂಡೋಸ್ ಕೆಟ್ಟೀತು. ಬಲ್ಲವರಿಂದಲೇ, ಮೊದಲು ರಿಜಿಸ್ಟ್ರಿಯ ಪ್ರತಿ ತೆಗೆದಿಟ್ಟುಕೊಂಡು ಮಾಡಿಸಿ.

ಪೋಷಕರಿಗೊಂದು ಮಾತು

ಇದಾವುದೂ ಸಾಧ್ಯವಾಗದೆ ರಿಪೇರಿಗೆ ಕೊಡಬೇಕಾಗಿ ಬಂದರೆ, 'ಮೊದಲು ಯೂಸರ್ಸ್ ಫೋಲ್ಡರಿನ ನಕಲು ಕೊಡಿ, ಆಮೇಲೆ ಉಳಿದದ್ದು' ಎಂದು ಸ್ಪಷ್ಟವಾಗಿ ಹೇಳಿ. ವಿಂಡೋಸ್ ತೆರೆಯದಿದ್ದರೂ ಪೆನ್‌ಡ್ರೈವ್‌ನಿಂದ ಲಿನಕ್ಸ್ ನಡೆಸಿ ಕಡತಗಳನ್ನು ಹೊರತೆಗೆಯಬಹುದು. ಡಿಸ್ಕಿಗೆ ಬಿಟ್‌ಲಾಕರ್ ಇದ್ದರೆ ಅದರ ಕೀ ಬೇಕಾಗುತ್ತದೆ. ಪ್ರೊಫೈಲ್ ಪದೇ ಪದೇ ಕೆಡುತ್ತಿದ್ದರೆ ಡಿಸ್ಕನ್ನೇ ಪರೀಕ್ಷೆ ಮಾಡಿಸಿ.

ಕಂಪ್ಯೂಟರ್ ಚೆನ್ನಾಗಿರುವಾಗಲೇ ಎರಡನೆಯ ಅಡ್ಮಿನಿಸ್ಟ್ರೇಟರ್ ಖಾತೆಯೊಂದನ್ನು ಮಾಡಿಡಿ. ಐದು ನಿಮಿಷದ ಕೆಲಸ. ಮುಖ್ಯ ಕಡತಗಳ ಪ್ರತಿ ಬೇರೆಡೆ ಇರಲಿ. ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಯುಪಿಎಸ್ ಇರಲಿ. ಪರೀಕ್ಷೆಯ ಹಿಂದಿನ ರಾತ್ರಿ ಇವುಗಳ ಬೆಲೆ ತಿಳಿಯುತ್ತದೆ.