ಕರಿ ಕೋಟು ಯಾರ ಮೈಗೆ?



ಬಿ.ಎ. ಮುಗಿಸಿ ಹಾಸ್ಟೆಲ್ ಖಾಲಿ ಮಾಡುವ ಹೊತ್ತಿಗೆ ನಮ್ಮೆಲ್ಲರ ಮುಂದೆ ಒಂದೇ ಪ್ರಶ್ನೆ: ಮುಂದೇನು? ಲಾ ಓದೋಣವೆ ಎಂದು ಬಾಯಿ ಬಿಟ್ಟರೆ ಸಾಕು, ಎರಡು ಕಡೆಯಿಂದಲೂ ಬೈಗುಳ. "ಲಾ ಮಾಡಿ ಏನ್ ಕಿಸೀತೀಯ? ಬೊಮ್ಮಸಂದ್ರದಲ್ಲಿ ಕಂಪನಿಗೆ ಸೇರ್ಕೊ, ತಿಂಗಳಾದ್ರೆ ಸಂಬಳ ಬರುತ್ತೆ" ಅನ್ನುವ ಮನೆಯವರು ಒಂದು ಕಡೆ. "ಕೋರ್ಟು ಅವರದು, ಬೀದಿ ನಮ್ಮದು" ಅನ್ನುವ ಹೋರಾಟದ ಅಣ್ಣಂದಿರು ಇನ್ನೊಂದು ಕಡೆ. ಎರಡೂ ಅರ್ಧ ಸತ್ಯ. ಅರ್ಧ ಸತ್ಯಕ್ಕೆ ನಮ್ಮ ಕೇರಿಗಳು ತೆತ್ತಿರುವ ಬೆಲೆ ಸಾಕು.

ಚಂದಾಪುರ ಸರ್ಕಲ್ಲಿನಲ್ಲಿ ನಿಂತು ಸುತ್ತ ನೋಡಿ. ಹೊಸೂರು ರಸ್ತೆಯ ಎರಡೂ ಕಡೆ ಫ್ಯಾಕ್ಟರಿ, ಲೇಔಟು, ಅಪಾರ್ಟ್‌ಮೆಂಟು. ಎಕರೆ ಲೆಕ್ಕ ಹೋಗಿ ಅಡಿ ಲೆಕ್ಕ ಬಂದಿದೆ. ಸರ್ಕಾರ ನಮ್ಮ ತಾತಂದಿರಿಗೆ ಮಂಜೂರು ಮಾಡಿದ ಜಮೀನು ಸಾಲಕ್ಕೆ, ಮದುವೆಗೆ, ಕಾಯಿಲೆಗೆ ಅಂತ ಒಂದು ಹೆಬ್ಬೆಟ್ಟಿನಲ್ಲಿ ಕೈಬಿಟ್ಟದ್ದು ಎಷ್ಟು ಕೇರಿಗಳ ಕತೆ! ಇದಕ್ಕೆಂದೇ 1978ರಲ್ಲಿ, ದೇವರಾಜ ಅರಸರ ಕಾಲದಲ್ಲಿ, ಪಿಟಿಸಿಎಲ್ ಕಾಯ್ದೆ ಬಂತು. ಸರ್ಕಾರದ ಅನುಮತಿಯಿಲ್ಲದೆ ಮಾರಿದ ಮಂಜೂರಾತಿ ಜಮೀನಿನ ಕ್ರಯ ಅಸಿಂಧು. ಎ.ಸಿ. ಅದನ್ನು ಬಿಡಿಸಿ ಮೂಲದವರಿಗೋ ವಾರಸುದಾರರಿಗೋ ಕೊಡಬೇಕು. 1984ರಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು.

ಆಮೇಲಿನ ಆಟ ನೋಡಿ. 2017ರಲ್ಲಿ ಅದೇ ಸುಪ್ರೀಂ ಕೋರ್ಟು, ಅರ್ಜಿಯನ್ನು ಸಮಂಜಸ ಕಾಲದೊಳಗೆ ಹಾಕಬೇಕು ಎಂದಿತು. ಕಾಯ್ದೆಯಲ್ಲಿ ಇಲ್ಲದ ಆ ಮಾತಿನ ಮೇಲೆ ನಮ್ಮವರ ಅರ್ಜಿಗಳು ಬಿದ್ದುಹೋದವು. ಜನ ಧರಣಿ ಕೂತರು. 2023ರಲ್ಲಿ ತಿದ್ದುಪಡಿ ಬಂತು: ಅರ್ಜಿಗೆ ಕಾಲಮಿತಿ ಇಲ್ಲ. 2024ರಲ್ಲಿ ಹೈಕೋರ್ಟಿನ ವಿಭಾಗೀಯ ಪೀಠ ಹೇಳಿತು: ಕಾಲಮಿತಿ ಬೇರೆ, ವಿಳಂಬ ಬೇರೆ!

ಎರಡು ಪದಗಳ ಸಂದಿಯಲ್ಲಿ ಒಂದು ಕೇರಿಯ ನೆಲವೇ ಜಾರಿಹೋಗುತ್ತದೆ. ಬೀದಿಯಲ್ಲಿ ಗೆದ್ದದ್ದನ್ನು ಕೋರ್ಟಿನಲ್ಲಿ ಕಾಯುವವರು ಬೇಡವೆ? ಪದಗಳ ಜೊತೆ ಗುದ್ದಾಡುವುದನ್ನೇ ಕಲಿತ ಆರ್ಟ್ಸ್ ಹುಡುಗರು ನಾವು. ನಮಗಲ್ಲದೆ ಇನ್ಯಾರಿಗೆ ಈ ಕೆಲಸ?

ಕಂಬಾಲಪಲ್ಲಿಯನ್ನು ನೆನೆಯಿರಿ. 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ನಾಡೇ ಕೂಗಿತು. ಕೋರ್ಟಿನಲ್ಲಿ ಸಾಕ್ಷಿಗಳು ತಿರುಗಿದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆ. 2014ರಲ್ಲಿ ಹೈಕೋರ್ಟಿನಲ್ಲೂ ಅದೇ ಖಾಯಂ. ಮೆರವಣಿಗೆ ಒಂದು ದಿನದ್ದು, ಮೊಕದ್ದಮೆ ಹದಿನಾಲ್ಕು ವರ್ಷದ್ದು. ಅಷ್ಟು ವರ್ಷ ಹೆದರಿದ ಸಾಕ್ಷಿಯ ಪಕ್ಕ ಕೂರುವವರು ಯಾರು?

ಅಣ್ಣಂದಿರೆ, 1927ರಲ್ಲಿ ಬಾಬಾಸಾಹೇಬರು ಮಹಾಡದ ಕೆರೆ ನೀರು ಮುಟ್ಟಿದಾಗ ಕೋರ್ಟಿಗೆ ಓಡಿದವರು ಸವರ್ಣೀಯರು. ಬಾಬಾಸಾಹೇಬರು ಬಿಡಲಿಲ್ಲ. 1937ರಲ್ಲಿ ಬಾಂಬೆ ಹೈಕೋರ್ಟು ನಮ್ಮ ಪರ ತೀರ್ಪು ಕೊಟ್ಟಿತು. ಬೀದಿಯನ್ನೂ ಬಿಡಲಿಲ್ಲ, ಕೋರ್ಟನ್ನೂ ಬಿಡಲಿಲ್ಲ ಆ ಮನುಷ್ಯ.

ಕಷ್ಟವನ್ನೂ ಹೇಳಿಬಿಡೋಣ. ಮೊದಲ ವರ್ಷಗಳಲ್ಲಿ ಹೊಟ್ಟೆ ತುಂಬುವುದಿಲ್ಲ. ಸೀನಿಯರ್ ಆಫೀಸಿನಲ್ಲಿ ಫೈಲು ಹೊರಬೇಕು. ಹೈಕೋರ್ಟಿನಲ್ಲಿ ಇಂಗ್ಲಿಷು. ಹೆಸರು ಕೇಳಿ ಊರು ಕೇಳುವ, ಊರು ಕೇಳಿ ಕೇರಿ ಕೇಳುವ ಜನ ಅಲ್ಲೂ ಇದ್ದಾರೆ. ಆದರೆ ಸಾವಿರಾರು ರೂಪಾಯಿ ಕೀಳುತ್ತಿದ್ದ ಸನ್ನದು ಶುಲ್ಕ, 2024ರ ಜುಲೈನ ಸುಪ್ರೀಂ ಕೋರ್ಟ್ ತೀರ್ಪಿನಂತೆ, ಪರಿಶಿಷ್ಟರಿಗೆ 125 ರೂಪಾಯಿ ಮೀರುವಂತಿಲ್ಲ. ಬಿ.ಎ. ಆದ ಮೇಲೆ ಎಲ್‌ಎಲ್.ಬಿ. ಮೂರೇ ವರ್ಷ. ತಾಲ್ಲೂಕು ಕೋರ್ಟಿನಲ್ಲಿ ಕನ್ನಡವೇ ಸಾಕು.

ಒಂದು ಷರತ್ತು. ಬೈಕಿಗೆ 'ಅಡ್ವೊಕೇಟ್' ಸ್ಟಿಕ್ಕರ್ ಅಂಟಿಸಿಕೊಂಡು, ಲೇಔಟಿನವರ ಕಡೆಯಿಂದ ನಮ್ಮ ಅಜ್ಜಿಯರ ಹೆಬ್ಬೆಟ್ಟು ಒತ್ತಿಸಲು ಹೋಗುವವರು ದಯವಿಟ್ಟು ಲಾ ಓದಬೇಡಿ. ಅಂಥವರು ಈಗಾಗಲೇ ಬೇಕಾದಷ್ಟಿದ್ದಾರೆ.

ಉಳಿದವರು ಈ ರಜೆಯಲ್ಲಿ ಮನೆಗೆ ಹೋಗಿ ಟ್ರಂಕು ತೆಗೆಸಿ. ಸಾಗುವಳಿ ಚೀಟಿ, ಪಹಣಿ ಇದ್ದರೆ ಓದಿ. ಯಾರ ಹೆಸರಿತ್ತು, ಯಾರ ಹೆಸರಾಯಿತು, ಯಾವ ವರ್ಷ ಅಂತ ಬರೆದುಕೊಳ್ಳಿ. ಓದುತ್ತ ಓದುತ್ತ ರಕ್ತ ಕುದಿದರೆ, ಆ ಕುದಿಯನ್ನು ಹತ್ತು ವರ್ಷ ಆರದಂತೆ ಕಾಯುವ ತಾಳ್ಮೆಯಿದ್ದರೆ, ಅರ್ಜಿ ಹಾಕಿ. ನೀಲಿ ಬಾವುಟದ ಪಕ್ಕದಲ್ಲಿ ಕರಿ ಕೋಟೂ ನಡೆಯಲಿ.

ಜೈ ಭೀಮ್!