ಕಡ್ಡಿಗೆ ಬೇರು ಬರಿಸುವ ಬಗೆ

ಮನೆ ಪಾಲಾಗುವಾಗಲೋ ರಸ್ತೆ ಅಗಲವಾಗುವಾಗಲೋ ಹಿತ್ತಿಲಿನ ಒಳ್ಳೆಯ ಮರವೊಂದು ಕೊಡಲಿಗೆ ಗುರಿಯಾಗುವ ಪ್ರಸಂಗವು ಅನೇಕ ಕುಟುಂಬಗಳಲ್ಲಿ ಒದಗುತ್ತದೆ. ಆಗ ಮನೆಯವರು ಅದರ ಬೀಜವನ್ನು ಕಾಪಾಡಿಟ್ಟು ಸಮಾಧಾನ ತಂದುಕೊಳ್ಳುವುದುಂಟು. ಆದರೆ ಬೀಜವು ತಾಯಿಮರದ ಗುಣದೊಡನೆ ಪರಾಗವಿತ್ತ ಮರದ ಗುಣವನ್ನೂ ಹೊತ್ತಿರುವುದರಿಂದ, ಅದೇ ರುಚಿಯ ಹಣ್ಣು ದೊರೆಯುವುದೆಂಬ ಭರವಸೆಯಿಲ್ಲ. ಕೊಂಬೆಯ ತುಂಡಿಗೆ ಬೇರು ಬರಿಸಿದರೆ ಹುಟ್ಟುವ ಗಿಡವಾದರೋ ಗುಣದಲ್ಲಿ ಆ ಮರವೇ ಸರಿ.

ನುಗ್ಗೆ, ಹಾಲುವಾಣ ಮೊದಲಾದವು ಕೊಂಬೆ ನೆಟ್ಟಲ್ಲಿಯೇ ಬೇರುಬಿಡತಕ್ಕವು. ಉಳಿದ ಹಲವಕ್ಕೆ ನೆರವು ಬೇಕು. ಗಿಡದ ಚಿಗುರಿನಲ್ಲಿ ಹುಟ್ಟಿ ಕೆಳಮುಖವಾಗಿ ಇಳಿಯುವ ಆಕ್ಸಿನ್ ಎಂಬ ಚೋದಕವು ಕತ್ತರಿಸಿದ ಬುಡದಲ್ಲಿ ಶೇಖರವಾಗಿ ಬೇರಿನ ಮೊಳಕೆಯನ್ನು ಎಬ್ಬಿಸುತ್ತದೆ. 1928ರಲ್ಲಿ ವೆಂಟ್ ಎಂಬ ಡಚ್ ವಿಜ್ಞಾನಿಯು ಓಟ್ಸ್ ಸಸಿಯ ತುದಿಯಿಂದ ಈ ಚೋದಕವನ್ನು ಬೇರ್ಪಡಿಸಿ ತೋರಿಸಿದನು. 1935ರಲ್ಲಿ ಅಮೆರಿಕದ ಜಿಮ್ಮರ್‌ಮನ್ ಮತ್ತು ವಿಲ್‌ಕಾಕ್ಸನ್ ಎಂಬುವರು ಇಂಡೋಲ್ ಬ್ಯುಟಿರಿಕ್ ಆಮ್ಲವೂ ಇದೇ ಕೆಲಸವನ್ನು ಮಾಡುವುದೆಂದು ಕಂಡರು. ಇಂದು ಅಂಗಡಿಗಳಲ್ಲಿ ದೊರೆಯುವ ಬೇರಿನ ಪುಡಿಗಳಲ್ಲಿ ಹೆಚ್ಚಾಗಿ ಇರುವುದು ಇದೇ.

ದಾಳಿಂಬೆಯಿಂದ ಆರಂಭಿಸುವವರಿಗೆ ಕ್ರಮವನ್ನು ಹೇಳುತ್ತೇವೆ. ತೀರ ಎಳೆಯದೂ ಮುಪ್ಪಾದುದೂ ಅಲ್ಲದ, ಪೆನ್ಸಿಲಿನಷ್ಟು ದಪ್ಪದ ಕಡ್ಡಿಯನ್ನು ಬೆಳಗಿನ ತಂಪಿನಲ್ಲಿ ಗೇಣುದ್ದ ಕತ್ತರಿಸಬೇಕು. ಬುಡವನ್ನು ಗಿಣ್ಣಿನ ಕೆಳಗೆ ನೇರವಾಗಿಯೂ ತುದಿಯನ್ನು ಓರೆಯಾಗಿಯೂ ಕತ್ತರಿಸಿದರೆ ತಲೆಕೆಳಗಾಗಿ ನೆಡುವ ಭಯವಿಲ್ಲ. ಪುಡಿಯನ್ನು ಒಂದು ತಟ್ಟೆಗೆ ಸ್ವಲ್ಪವೇ ಸುರಿದುಕೊಂಡು, ಕಡ್ಡಿಯ ಬುಡವನ್ನು ಒದ್ದೆಮಾಡಿ ಅದ್ದಿ, ಹೆಚ್ಚಾದುದನ್ನು ಕೊಡವಬೇಕು. ಔಷಧವು ಹೆಚ್ಚಾದಷ್ಟೂ ಗುಣವೆಂಬ ಎಣಿಕೆ ಇಲ್ಲಿ ಸಲ್ಲದು. ಮಿತಿ ಮೀರಿದರೆ ಬುಡವು ಕಪ್ಪಾಗಿ ಕೊಳೆಯುತ್ತದೆ. ದ್ರಾವಣವನ್ನು ಬಳಸುವವರು ಲೀಟರಿಗೆ 2 ಗ್ರಾಂ ಆಮ್ಲವಿರುವುದನ್ನು ತೆಗೆದುಕೊಂಡು, ಕೆಲವೇ ಸೆಕೆಂಡು ಅದ್ದಿದರೆ ಸಾಕು.

ತೊಳೆದ ಮರಳನ್ನೂ ತೆಂಗಿನ ನಾರಿನ ಪುಡಿಯನ್ನೂ ಸಮವಾಗಿ ಬೆರೆಸಿ, ಗೊಬ್ಬರ ಹಾಕದೆ, ಮೊದಲು ಕೋಲಿನಿಂದ ಗುಳಿಮಾಡಿ ಕಡ್ಡಿಯನ್ನಿಳಿಸಬೇಕು. ಒತ್ತಿ ಚುಚ್ಚಿದರೆ ಪುಡಿ ಉಜ್ಜಿಹೋಗುವುದು. ಬೇರಿಲ್ಲದ ಕಡ್ಡಿಯು ನೀರನ್ನು ಹೀರಲಾರದಾದುದರಿಂದ, ಕುಂಡವನ್ನು ತೆಳು ಪ್ಲಾಸ್ಟಿಕ್ ಚೀಲದಿಂದ ಮುಚ್ಚಿ ನೆರಳಿನಲ್ಲಿಡತಕ್ಕದ್ದು. ಚಿಗುರು ಕಂಡೊಡನೆ ಗೆದ್ದೆವೆಂದು ಕಿತ್ತು ನೋಡಬಾರದು. ಕಡ್ಡಿಯೊಳಗಿನ ಸಂಗ್ರಹದಿಂದಲೇ ಬೇರಿಲ್ಲದೆಯೂ ಎಲೆಯೊಡೆಯುವುದುಂಟು. ಸುಮಾರು ಎರಡು ತಿಂಗಳು ತಾಳಿದ ಮೇಲೆ ಮೆಲ್ಲನೆ ಎಳೆದು ನೋಡಿ, ಬಿಗಿಯಾಗಿದ್ದರೆ ಚೀಲವನ್ನು ದಿನಕ್ಕಿಷ್ಟಿಷ್ಟೇ ತೆರೆಯುತ್ತ ಹೊರಗಾಳಿಗೆ ಒಗ್ಗಿಸಬೇಕು.

ಎಲ್ಲ ಮರಗಳೂ ಈ ಉಪಾಯಕ್ಕೆ ಒಲಿಯುವುವೆಂದು ನಾವು ಆಸೆ ತೋರಿಸಲಾರೆವು. ವಯಸ್ಸಾದ ಮಾವು, ಹಲಸುಗಳ ಮೇಲಿನ ಕೊಂಬೆಗಳು ಪುಡಿ ಹಚ್ಚಿದರೂ ಬೇರುಬಿಡುವುದು ಕಷ್ಟ. ಮರ ಕಡಿದ ಮೇಲೆ ಬೊಡ್ಡೆಯಿಂದೇಳುವ ಚಿಗುರು ಸ್ವಭಾವದಲ್ಲಿ ಎಳೆಯದಾದುದರಿಂದ ಹೆಚ್ಚು ಒಗ್ಗುತ್ತದೆ. ನೀಲಗಿರಿ ತೋಪುಗಳ ಸಸಿಗಳನ್ನು ಇಂಥ ಚಿಗುರಿನಿಂದಲೂ ಬೆಳೆಸುವುದುಂಟು. ಮಾವು ಹಲಸುಗಳಿಗೆ ಕಸಿಯೇ ಭದ್ರವಾದ ದಾರಿ. ತುಮಕೂರು ಜಿಲ್ಲೆಯ ಚೇಳೂರಿನ ಕೆಂದೊಳೆಯ ‘ಸಿದ್ದು’ ಹಲಸು ಒಂದೇ ಮರದಿಂದ ನಾಡಿಗೆಲ್ಲ ಹರಡಿದುದು ಕಸಿಯಿಂದ.

ಇನ್ನೊಂದು ಎಚ್ಚರವುಂಟು. ಕಡ್ಡಿಯಿಂದ ಬೆಳೆದ ಗಿಡಕ್ಕೆ ಬೀಜದ ಗಿಡದಂತೆ ತಾಯಿಬೇರು ಇರುವುದಿಲ್ಲವಾದುದರಿಂದ, ಮೊದಲ ವರ್ಷಗಳಲ್ಲಿ ಗಾಳಿಗೆ ಊರೆಗೋಲು ಬೇಕು. ತಾಯಿಮರದ ರೋಗವೂ ಕಡ್ಡಿಯೊಡನೆ ಬರುವುದರಿಂದ ನಿರೋಗಿಯಾದ ಕೊಂಬೆಯನ್ನೇ ಆರಿಸಬೇಕು.

ಹತ್ತು ಕಡ್ಡಿಗಳಲ್ಲಿ ನಾಲ್ಕು ಉಳಿದರೂ ಸಾಕು, ಒಂದನ್ನು ಮನೆಯಲ್ಲಿಟ್ಟು ಉಳಿದವನ್ನು ಬಂಧುಗಳ ಹಿತ್ತಿಲಿಗೆ ಹಂಚಬಹುದು. ಆದರೆ ಈ ಕೆಲಸಕ್ಕೆ ತಿಂಗಳುಗಳು ಬೇಕು, ಕೊಡಲಿಗೆ ಒಂದು ಗಳಿಗೆ ಸಾಕು. ಆದುದರಿಂದ ಮರವು ಸೊಂಪಾಗಿರುವಾಗಲೇ ಕಡ್ಡಿಯನ್ನು ನೆಡುವುದು ಗೃಹಸ್ಥರಿಗೆ ಲೇಸು.